ಮನಿಪೆಂಡಿ

ಮೊನ್ನೆ ಹುಬ್ಬಳ್ಳಿಯಲ್ಲಿ ನೆಂಟರ ಮದುವೆ. ಊಟ ಮುಗಿಸಿ ಕೈ ತೊಳೆಯಲು ಮಂಟಪದ ಹಿಂಬದಿಗೆ ಹೋದರೆ ಅಲ್ಲೊಬ್ಬ ವೀಳ್ಯದೆಲೆಯ ಬುಟ್ಟಿ ಬಿಚ್ಚುತ್ತ ಕೂತಿದ್ದ. ಮೇಲಿನ ಒದ್ದೆ ಗೋಣಿತಟ್ಟು ಸರಿಸಿ, ಕೆಳಗಿನ ಬಾಳೆಎಲೆ ಎತ್ತಿದ ಕೂಡಲೇ ಆ ವಾಸನೆ ಬಂತು. ಹಸಿ ಎಲೆ, ನೆನೆದ ಭತ್ತದ ಹುಲ್ಲು, ಸ್ವಲ್ಪ ಮಣ್ಣು. "ಸವಣೂರ ಎಲೀರಿ ಸರ, ಒಂದ್ ಪೆಂಡಿ ಒಯ್ರಿ" ಎಂದ. ನಾನು ಬೇಡವೆಂದು ಕೈಯಾಡಿಸಿ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ಹೆಂಡತಿ ಹುಡುಕಿಕೊಂಡು ಬಂದು, ಎದೆನೋವೇನು ಎಂದು ಗಾಬರಿಯಾದಳು. ಏನಿಲ್ಲ, ಸೆಖೆ ಎಂದೆ. ಇಷ್ಟು ವಯಸ್ಸಾದ ಮೇಲೆ ಒಬ್ಬ ಗಂಡಸು ಎಲೆಯ ವಾಸನೆಗೆ ಕಣ್ಣು ಒರೆಸಿಕೊಂಡ ಎಂದರೆ ಮದುವೆಮನೆಯವರು ಏನೆಂದಾರು?

ನಾನು ಅನ್ನ ತಿಂದಿದ್ದು ಆಯಾತ ನಿರ್ಯಾತದ ಮೇಲೆ. ಹಾಗೆಂದ ಮಾತ್ರಕ್ಕೆ ವ್ಯಾಪಾರಿ ಎಂದುಕೊಳ್ಳಬೇಡಿ, ಜನ್ಮದಲ್ಲಿ ಒಂದು ಸೂಜಿಯನ್ನೂ ಹೊರದೇಶಕ್ಕೆ ಕಳಿಸಿದವನಲ್ಲ. ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದೆ. ಅದರಲ್ಲೂ ದೇಶದೇಶಗಳ ನಡುವಿನ ವ್ಯಾಪಾರ ನನ್ನ ವಿಷಯ. ಸುಂಕ ಏರಿದರೆ ಏನಾಗುತ್ತದೆ, ಒಂದು ದೇಶ ತನಗೆ ಬೇಕಾದ್ದನ್ನೆಲ್ಲ ತಾನೇ ಯಾಕೆ ಮಾಡಿಕೊಳ್ಳಬಾರದು, ಇಂಥವನ್ನು ತಲೆ ನರೆಯುವ ತನಕ ಕರಿಹಲಗೆಯ ಮೇಲೆ ಬರೆದೆ, ಒರೆಸಿದೆ. ಎರಡು ಪುಸ್ತಕಗಳೂ ಆದವು. ನಿವೃತ್ತಿಯ ದಿನ ನನ್ನ ಶಿಷ್ಯನೊಬ್ಬ ಭಾಷಣ ಮಾಡುತ್ತ, ಸರ್ ಅವರಿಗೆ ಈ ವಿಷಯದಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇಲ್ಲ ಎಂದ. ಸಭೆ ಚಪ್ಪಾಳೆ ತಟ್ಟಿತು. ಸವಣೂರಿನ ಒಂದು ಕಟ್ಟೆಯ ಮೇಲೆ ವರ್ಷವರ್ಷವೂ ನನ್ನನ್ನು ಕೇಳುತ್ತಿದ್ದ ಒಂದು ಪ್ರಶ್ನೆ ಅವನಿಗೇನು ಗೊತ್ತು, ಪಾಪ.

ಈ ಹುಚ್ಚು ಹಿಡಿದದ್ದು ಮಾಸೂರಿನಲ್ಲಿ, ನಾನು ಇನ್ನೂ ಸಾಲೆಗೆ ಹೋಗುವಾಗ. ನಮ್ಮೂರಿಗೆ ಮದಗದ ಕೆರೆಯ ನೀರಿತ್ತು. ಕೆರೆ ಏರಿಯ ಕೆಳಗಿನವರು ಭತ್ತ ಬೆಳೆದರೆ ನಮ್ಮಂಥ ಮೇಲಿನ ಹೊಲದವರು ಹತ್ತಿ ಬಿತ್ತುತ್ತಿದ್ದರು. ಒಮ್ಮೆ ಅಪ್ಪ ಹಿರೇಕೆರೂರಿನ ಸಂತೆಯಿಂದ ಅವ್ವನಿಗೆ ಹೂವಿನ ಅಚ್ಚಿನ ಕುಪ್ಪಸದ ಬಟ್ಟೆ ತಂದ. ಮಿರಮಿರ ಮಿಂಚುತ್ತಿತ್ತು. ಜಪಾನಿನದು, ಅಗ್ಗ ಎಂದ. ನಮ್ಮ ಸಾಲೆಯ ಮಾಸ್ತರರು ಅದನ್ನು ನೋಡಿ ನಗುತ್ತ, "ನಿಮ್ಮ ಹೊಲದ ಹತ್ತೀನ ಹಡಗ ಹತ್ತಿ ಹೋಗಿ ಹೂ ಹಚಗೊಂಡು ಬಂದೈತಿ ನೋಡೋ" ಎಂದರು. ಹತ್ತಿ ಸಮುದ್ರ ದಾಟಿ ಅಷ್ಟು ದೂರ ಹೋಗಿ ತಿರುಗಿ ನಮ್ಮವ್ವನ ಮೈಮೇಲೆ ಬಂತು ಎಂಬುದನ್ನು ನೆನೆನೆನೆದು ನನಗೆ ಅಂದು ಊಟ ಸೇರಲಿಲ್ಲ. ಮುಂದೆ ನಾನು ಓದಿದ ದೊಡ್ಡ ದೊಡ್ಡ ಗ್ರಂಥಗಳು ಆ ಕುಪ್ಪಸದಷ್ಟು ನನ್ನನ್ನು ಬೆರಗುಗೊಳಿಸಲಿಲ್ಲ.

ಯುದ್ಧ ಬಂದು ಜಪಾನು ಶತ್ರುವಾದಾಗ ನಾನು ಎಂ.ಎ. ಮುಗಿಸಿ ಕಾಲೇಜಿಗೆ ಸೇರಿದ್ದೆ. ಹತ್ತಿಯ ಮೇಲೆ ಸಂಶೋಧನೆ ಮಾಡಬೇಕೆಂದಿದ್ದ ನನ್ನ ಆಸೆಗೆ ಕಲ್ಲು ಬಿತ್ತು. ಕೊಳ್ಳುವವರೇ ಇಲ್ಲದ ಮೇಲೆ ಯಾವ ವ್ಯಾಪಾರದ ಬಗ್ಗೆ ಬರೆಯುವುದು? ಯುದ್ಧ ಮುಗಿದ ಮೇಲೆ ಮುಂಬೈಯಲ್ಲಿದ್ದ ನನ್ನ ಗುರುಗಳು ದಾರಿ ತೋರಿಸಿದರು. ಯಾವುದಾದರೂ ಒಂದು ಸಣ್ಣ ಸರಕನ್ನು ಹಿಡಿ, ಹೊಲದಿಂದ ತಿನ್ನುವವನ ಬಾಯಿಯ ತನಕ ಅದರ ಬೆನ್ನು ಬಿಡಬೇಡ ಎಂದರು. ಬೇಸಿಗೆಯ ರಜೆಯಲ್ಲಿ ಸೈಕಲ್ ಹತ್ತಿ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ತಡಸ ಎಲ್ಲ ಸುತ್ತಿದೆ. ಅಕ್ಕಿ ನೋಡಿದೆ, ಮೆಣಸಿನಕಾಯಿ ನೋಡಿದೆ, ಮಾವಿನಕಾಯಿ ನೋಡಿದೆ. ಕೊನೆಗೆ ಸವಣೂರಿನಲ್ಲಿ ವೀಳ್ಯದೆಲೆ ನೋಡಿದೆ. ತೆಳ್ಳಗೆ, ನಾಲಗೆಯ ಮೇಲಿಟ್ಟರೆ ಕರಗುವ ಎಲೆ. ಆದರೆ ಬಾಡುವುದಕ್ಕೆ ಅವಸರ ಮಾಡುವುದಿಲ್ಲ. ಅದಕ್ಕೇ ಅದು ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿ, ಅಲ್ಲಿ ಹಡಗು ಹತ್ತಿ ಕರಾಚಿಯ ತನಕ ಹೋಗುತ್ತಿತ್ತು. ನನ್ನ ಸರಕು ಸಿಕ್ಕಿತು. ಕಾಲೇಜಿನ ಗೆಳೆಯರು "ಎಲಿ ಅಡಿಕಿ ಮಾಸ್ತರ" ಎಂದು ಹೆಸರಿಟ್ಟು ಚೇಷ್ಟೆ ಮಾಡಿದರು.

ಒಂದು ವರ್ಷದ ರಜೆ ಹಾಕಿ ನಾನು ಸವಣೂರಿಗೆ ಬಂದು ಖಾದರಸಾಬನ ಮನೆಯ ಮುಂಗೋಣೆ ಬಾಡಿಗೆ ಹಿಡಿದೆ. ಆಗ ಸವಣೂರು ಇನ್ನೂ ನವಾಬರದು, ಸುತ್ತಲಿನ ತಾಲೂಕುಗಳು ಇಂಗ್ರೇಜರವು. ಖಾದರಸಾಬ ಎಲೆತೋಟದ ಮನುಷ್ಯ. ಎತ್ತರದ ಆಳು, ಮಾತು ಕಡಿಮೆ, ನಕ್ಕರೆ ಮಾತ್ರ ಮನೆಯೆಲ್ಲ ನಗಬೇಕು. ಅವನ ಹೆಂಡತಿ ಹುಸೇನಬಿಯನ್ನು ಓಣಿಯವರೆಲ್ಲ ಹುಸೇನವ್ವ ಎಂದೇ ಕರೆಯುತ್ತಿದ್ದರು. ಅವರ ಒಬ್ಬಳೇ ಮಗಳು ಜೈನಬಿಯನ್ನು ಖಾದರಸಾಬನ ಅಕ್ಕನ ಮಗ ಇಮಾಮನಿಗೆ ಕೊಟ್ಟಿದ್ದರು. ಇಮಾಮನಿಗೆ ಬುಟ್ಟಿ ಹೆಣೆಯುವುದರಿಂದ ಹಿಡಿದು ಹಗ್ಗ ಬಿಗಿಯುವ ತನಕ ಎಲ್ಲವನ್ನೂ ಕಲಿಸಿ ಬೆಳೆಸಿದವನು ಈ ಸೋದರಮಾವನೇ. ಕರಾಚಿಯಲ್ಲಿ ಎಲೆ ಇಳಿಸಿಕೊಳ್ಳುವ ಒಬ್ಬ ಸೇಠನ ಗೋದಾಮಿನಲ್ಲಿ ಎಲೆ ಬಲ್ಲವನೊಬ್ಬ ಬೇಕೆಂದು ಹೇಳಿಕಳಿಸಿದಾಗ ಇಮಾಮ ಹೆಂಡತಿಯನ್ನು ಕರೆದುಕೊಂಡು ಹೋದ. ನಾನು ಬರುವ ಹಿಂದಿನ ವರ್ಷದ ಮಾತು. ಆಗ ಅದು ಪರದೇಶವಲ್ಲ. ಸವಣೂರಿನವರಿಗೆ ಕರಾಚಿ ಎಂದರೆ ಮುಂಬೈ ಆಚೆಯ ಇನ್ನೊಂದು ದೊಡ್ಡ ಪೇಟೆ, ಅಷ್ಟೆ.

ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಅದು ಹಿಂದೂಗಳಿಗೂ ಅದೇ, ಮುಸಲ್ಮಾನರಿಗೂ ಅದೇ. ಮೊದಲ ದಿನ ನಾನು ಬೂಟು ಹಾಕಿಕೊಂಡು ನುಗ್ಗಿದಾಗ ಹುಸೇನವ್ವ ದೂರದಿಂದಲೇ ಕೂಗಿದಳು. "ಮಾಸ್ತರ, ಅಲ್ಲೇ ನಿಂದರ್ರಿ! ಬಳ್ಳಿ ಸಿಟ್ಟಾದ್ರ ನಿಮ್ಮ ಕಾಲೇಜಿನ್ಯಾಗ ಎಲಿ ಬೆಳೀತಾರೇನು?" ಅಂದಿನಿಂದ ಬರಿಗಾಲಲ್ಲಿ ಅವರ ಹಿಂದೆ ಓಡಾಡಿದೆ. ಬೆಳಗಿನ ಹೊತ್ತು ಎಲೆ ಕೊಯ್ಯುವುದು, ಹೊತ್ತೇರಿದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಆರಿಸಿ ಒಂದರ ಮೇಲೊಂದಿಟ್ಟು ಬಾಳೆಯ ನಾರಿನಿಂದ ಕಟ್ಟುವುದು. ಹಾಗೆ ಕಟ್ಟಿದ್ದೇ ಪೆಂಡಿ. ಬುಟ್ಟಿಗೆ ಹುಲ್ಲು ಹಾಸಿ, ಪೆಂಡಿಗಳನ್ನು ಸುತ್ತ ಜೋಡಿಸಿ, ನೀರು ಚಿಮುಕಿಸಿ, ಮೇಲೆ ತಟ್ಟು ಹೊದಿಸಿದರೆ ಆಯಿತು. ಕೊನೆಯ ಹಗ್ಗ ಮಾತ್ರ ಖಾದರಸಾಬನದೇ. ದಾರಿಯಲ್ಲಿ ಎಷ್ಟು ಬಾರಿ ಎತ್ತಿ ಒಗೆದರೂ ಸಡಿಲಾಗದ, ಒಳಗಿಂದ ಮಡಚಿ ಎಳೆಯುವ ಒಂದು ಗಂಟು ಅವನಿಗೆ ಗೊತ್ತಿತ್ತು.

ಕರಾಚಿಗೆ ಹೋಗುವ ಒಂದು ಬುಟ್ಟಿಯಲ್ಲಿ ಪ್ರತಿಸಲವೂ ಮೇಲ್ಗಡೆ ಒಂದು ಪೆಂಡಿ ಬೇರೆ ಇರುತ್ತಿತ್ತು. ಅದು ಮಾರುವುದಕ್ಕಲ್ಲ, ಮಗಳ ಮನೆಗೆ. ಅದಕ್ಕೆ ಮನಿಪೆಂಡಿ ಎನ್ನುತ್ತಿದ್ದರು. ಹುಸೇನವ್ವ ತಾನೇ ಆರಿಸಿದ ಎಳೆ ಎಲೆಗಳನ್ನು ಜೋಡಿಸಿ, ನಾರಿನ ಬದಲು ತನ್ನ ಹಳೆಯ ಸೀರೆಯ ಸೆರಗಿನಿಂದ ಹರಿದ ಒಂದು ಪಟ್ಟಿಯಿಂದ ಕಟ್ಟುತ್ತಿದ್ದಳು. ತಾಯಿಗೂ ಓದುಬರಹ ಇಲ್ಲ, ಮಗಳಿಗೂ ಇಲ್ಲ, ಅಳಿಯನಿಗೂ ಇಲ್ಲ. ಖಾಲಿ ಬುಟ್ಟಿಗಳು ತಿರುಗಿ ಬರುವಾಗ ಅದೇ ಪಟ್ಟಿ ಬುಟ್ಟಿಯ ಅಂಚಿಗೆ ಕಟ್ಟಿಸಿಕೊಂಡು ಬರುತ್ತಿತ್ತು. ಎಲೆ ಮುಟ್ಟಿತು, ನಾವು ಆರಾಮ ಇದ್ದೇವೆ ಎಂದು ಅದರರ್ಥ. ಜೈನಬಿಯ ಗಂಟು ಸಣ್ಣದು, ಎರಡು ಸಲ ತಿರುವಿ ಒಂದು ತುದಿಯನ್ನು ಉದ್ದ ಬಿಟ್ಟದ್ದು. ಚಿಕ್ಕಂದಿನಲ್ಲಿ ಜಡೆಯ ರಿಬ್ಬನ್ನಿಗೂ ಹಾಗೇ ಹಾಕುತ್ತಿದ್ದಳಂತೆ. "ಇಲಿಬಾಲದ ಗಂಟು ಅಂತ ಕಾಡಸ್ತಿದ್ದೆ, ಅಕಿಗೆ ಸಿಟ್ಟು ಬರ್ತಿತ್ತು" ಎಂದು ಹುಸೇನವ್ವ ನನಗೆ ತೋರಿಸಿದ್ದಳು. ಬಿಚ್ಚುವ ಮೊದಲು ಹೆಬ್ಬೆರಳಿನಿಂದ ಆ ಗಂಟನ್ನು ಒಂದು ಕ್ಷಣ ಸವರುವುದು ಅವಳ ರೂಢಿ.

ಹೋಳಿ ಕಳೆದ ಮೇಲೆ ಬಂದ ಪಟ್ಟಿಯ ತುದಿಯಲ್ಲಿ ಏನೋ ಗಟ್ಟಿಯಾಗಿತ್ತು. ಬಿಚ್ಚಿದರೆ ಒಂದು ಹುಣಸೆಬೀಜ. ಹುಸೇನವ್ವ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಲೇ ಅಳತೊಡಗಿದಳು.

"ಏನಾತ?" ಎಂದ ಖಾದರಸಾಬ.

"ನಿನ್ನ ಮಗಳಿಗೆ ಹುಳಿ ಬೇಕಾಗೇತಿ!"

ಆತನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಟ್ಟೆಯಿಂದಿಳಿದು ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದುಬಂದ. ಮರುದಿನವೇ ಹೋಗಿ ಸವಣೂರಿನ ದೊಡ್ಡಹುಣಸೆ ಮರದ ಕಾಯಿ ತಂದ. ಆ ಮರದ ಬುಡ ತಬ್ಬಲು ಒಂದು ಮನೆಯ ಮಂದಿ ಸಾಲದು. ಅದರ ಕಾಯಿಯ ಹುಳಿ ಬೇರೆಲ್ಲೂ ಸಿಗದು. ಮುಂದಿನ ಬುಟ್ಟಿಯಲ್ಲಿ ಮನಿಪೆಂಡಿಯ ಜೊತೆಗೆ ಅದೂ ಹೋಯಿತು. ಆಮೇಲೆ ಉಪ್ಪು ಹಚ್ಚಿದ ಮಾವಿನಕಾಯಿ, ಹುರಿದ ಅಗಸಿ ಚಟ್ನಿ, ಏನೇನೋ. ಎಲೆಯ ಬುಟ್ಟಿ ಬಯಕೆಯ ಬುಟ್ಟಿಯಾಯಿತು ಎಂದು ನಾನು ಚೇಷ್ಟೆ ಮಾಡಿದರೆ ಹುಸೇನವ್ವ, "ನಿಮ್ಮ ಪುಸ್ತಕದಾಗ ಇದನ್ನೂ ಬರ್ಕೋರಿ" ಎನ್ನುತ್ತಿದ್ದಳು.

ಚೊಚ್ಚಲು ಬಾಣಂತನ ತವರಿನಲ್ಲೇ ಆಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆ ಮನೆತನದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಕೂಸಿನ ಹೊಕ್ಕಳಬಳ್ಳಿ ಒಣಗಿ ಬಿದ್ದ ಮೇಲೆ ಅದನ್ನು ತಂದು ತೋಟದಲ್ಲಿ ಹುಗಿಯುತ್ತಿದ್ದರು. ಜೈನಬಿಯದನ್ನು ಹುಗಿದ ಜಾಗವನ್ನು ಹುಸೇನವ್ವ ನನಗೆ ತೋರಿಸಿದ್ದಳು. ಪಕ್ಕದಲ್ಲೇ ಎಲೆಬಳ್ಳಿ ಹಬ್ಬಿಸುವ ಒಂದು ಹೊಸ ಚೊಗಚೆ ಗಿಡ ನೆಟ್ಟಿದ್ದಳು, ಮೊಮ್ಮಗುವಿನದಕ್ಕೆಂದು. "ಕೂಸು ಎಲ್ಲಿ ಬೆಳದರೂ ಬೆಳೀಲಿ, ಬೇರು ಇಲ್ಲಿ ಇರಬೇಕ್ರಿ ಮಾಸ್ತರ." ಏಳನೆಯ ತಿಂಗಳು ತುಂಬುತ್ತಿದ್ದಂತೆ ಕರೆತರುವುದೆಂದು ಮಾತಾಯಿತು. ಆದರೆ ಏಳನೆಯ ತಿಂಗಳು ಬೀಳುವ ಹೊತ್ತಿಗೆ ಆ ವರ್ಷ ರಂಜಾನ್ ಬಂತು. ಉಪವಾಸದ ದಿನಗಳಲ್ಲಿ ಹಡಗು ರೈಲು ಎಂದು ಬಸುರಿ ಹುಡುಗಿಯನ್ನು ಓಡಾಡಿಸುವುದು ಬೇಡ, ಹಬ್ಬ ಮುಗಿಸಿಯೇ ಹೊರಡಲಿ ಎಂದು ಹಿರಿಯರು ತೀರ್ಮಾನಿಸಿದರು. ಆ ಕಡೆ ಹೋಗುವ ಎಲೆವ್ಯಾಪಾರಿಯೊಬ್ಬನ ಬಾಯಲ್ಲಿ ಇಮಾಮನಿಗೂ ಹಾಗೇ ಹೇಳಿಕಳಿಸಿದರು. ಆಗ ನನ್ನನ್ನು ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಹಬ್ಬಕ್ಕೂ ಹಡಗಿಗೂ ಏನು ಸಂಬಂಧ ಎಂದು ಯಾರಿಗೆ ಗೊತ್ತಿತ್ತು?

ಹಬ್ಬಕ್ಕೆ ಮೂರು ದಿನ ಮೊದಲು ದೇಶ ಎರಡಾಯಿತು.

ಅಂದು ಶಿಗ್ಗಾಂವಿಯಲ್ಲಿ ಧ್ವಜ ಏರಿಸುವುದನ್ನು ನೋಡಲು ಸೈಕಲ್ ಮೇಲೆ ಹೋಗಿದ್ದೆ. ಜಿಟಿಜಿಟಿ ಮಳೆ. ಕೈಯಲ್ಲಿ ಪೇಢೆ ಹಿಡಿದು, ಕೂಗಿ ಕೂಗಿ ಗಂಟಲು ಹರಿದುಕೊಂಡು ತಿರುಗಿ ಬಂದೆ. ನನಗೆ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಬಂದು ನೋಡಿದರೆ ಖಾದರಸಾಬನೂ ಸಂತೋಷವಾಗಿದ್ದ. ಪೇಢೆ ಇಸಿದುಕೊಂಡು, ಉಪವಾಸ ಬಿಡುವ ಹೊತ್ತಿಗೆ ತಿನ್ನುತ್ತೇನೆ ಎಂದು ಎತ್ತಿಟ್ಟ. ಹಬ್ಬದ ದಿನ ಹುಸೇನವ್ವ ಮುಂಗೋಣೆಗೆ ಶಾವಿಗೆ ಪಾಯಸ ಕಳಿಸಿದಳು. ಒಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದರು. ತೊಟ್ಟಿಲಿಗೆ ಹೊಸ ಹಗ್ಗ ಬಂದಿತ್ತು.

ಹಬ್ಬ ಮುಗಿಯಿತು. ಹುಡುಗಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಖಾಲಿ ಬುಟ್ಟಿಗಳು ಮಾತ್ರ ಒಮ್ಮೆ ಬಂದವು, ಅಂಚಿಗೆ ಪಟ್ಟಿ ಇತ್ತು, ಇಲಿಬಾಲದ ಗಂಟೇ. ಆರಾಮ ಇದ್ದಾರೆ ಎಂದು ಹುಸೇನವ್ವ ಸಮಾಧಾನ ಮಾಡಿಕೊಂಡಳು. ಪತ್ರಿಕೆಯಲ್ಲಿ ಉತ್ತರದ ಸುದ್ದಿಗಳು ಬರತೊಡಗಿದವು. ನಾನು ಅದನ್ನು ಕೋಣೆಯೊಳಗೇ ಓದಿ ಹಾಸಿಗೆಯ ಕೆಳಗೆ ಇಡುತ್ತಿದ್ದೆ. ಸಂತೆಯಲ್ಲಿ ಯಾರೋ ಒಬ್ಬ ಖಾದರಸಾಬನನ್ನು, ನೀವೂ ಆ ಕಡೆ ಹೋಗುತ್ತೀರೇನು ಎಂದು ಕೇಳಿದನಂತೆ. "ಬಳ್ಳಿ ಕಿತಗೊಂಡು ಹೋಗಾಕ ಬರ್ತೈತೇನೋ?" ಎಂದನಂತೆ ಈತ. ಮನೆಗೆ ಬಂದು ಆ ಮಾತು ಹೇಳುವಾಗ ಆತ ನಗಲಿಲ್ಲ.

ಮಳೆ ಹಿಂದಾಗುವ ಹೊತ್ತಿಗೆ ಖಾದರಸಾಬ ತಾನೇ ಮಗಳನ್ನು ಕರೆತರುತ್ತೇನೆಂದು ಬುಟ್ಟಿಗಳ ಜೊತೆ ಮುಂಬೈಗೆ ಹೋದ. ವಾರದ ಮೇಲೆ ತಿರುಗಿ ಬಂದ, ಒಬ್ಬನೇ. ಗಾಡಿಯಿಂದ ಒಂದು ಬುಟ್ಟಿ ಇಳಿಸಿ ಕಟ್ಟೆಯ ಮೇಲಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತ.

"ಆ ಕಡಿಂದ ಬರೂ ಹಡಗಿನ ತುಂಬ ಮಂದೀರಿ ಮಾಸ್ತರ. ಹಾಸಿಗಿ, ಹಂಡೆ, ಮುದುಕರು, ಕೂಸು. ಈ ಕಡಿಂದ ಹೋಗೂದರ ತುಂಬನೂ ಮಂದಿ. ಎಲಿ ಬುಟ್ಟಿ ಇಡಾಕ ಜಾಗಾ ಎಲ್ಲೈತಿ? ನನ್ನ ಹತ್ತಸ್ರಿ ಅಂತ ಕೈ ಮುಗದೆ. ಹೋಗೂದು ಹೋಗ್ತಿ, ತಿರುಗಿ ಬರೂದು ನಮ್ಮ ಕೈಯಾಗಿಲ್ಲ ಅಂದ್ರು. ಇಕಿನ್ನ ಒಬ್ಬಾಕಿನ್ನ ಬಿಟ್ಟು ಹೆಂಗ ಹತ್ತಲಿ?"

ಹುಸೇನವ್ವ ಬುಟ್ಟಿಯ ತಟ್ಟು ಸರಿಸಿದಳು. ಬಂದರಿನಲ್ಲಿ ಬಿದ್ದಿದ್ದ ಹಿಂದಿನ ಸಲದ ಬುಟ್ಟಿ ಅದು. ಎಲೆಯೆಲ್ಲ ಕರಗಿ ಕಪ್ಪಗೆ ಲೋಳೆಯಾಗಿತ್ತು. ಮೇಲ್ಗಡೆ ಮನಿಪೆಂಡಿ. ಅದಕ್ಕೆ ಅವಳೇ ಕಟ್ಟಿದ ಪಟ್ಟಿ, ಅವಳೇ ಹಾಕಿದ ಗಂಟು. ಆ ನಾರುವ ಪೆಂಡಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆದರೂ ಬುಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಮನಿಪೆಂಡಿ ಕಟ್ಟುವುದನ್ನು ಅವಳೂ ನಿಲ್ಲಿಸಲಿಲ್ಲ. ಒಂದು ಮಾತ್ರ ಬದಲಾಯಿತು. ಮೊದಲು ಎಳೆ ಎಲೆ ಆರಿಸುತ್ತಿದ್ದವಳು ಈಗ ಬಲಿತ ಎಲೆ ಆರಿಸತೊಡಗಿದಳು. "ದಾರಿ ಉದ್ದಾಗೇತಲ್ರಿ. ತಿನ್ನಾಕ ಖಾರ ಆಗ್ತೈತಿ, ಖರೆ. ಆದ್ರ ತಡೀತೈತಿ" ಎಂದಳು. ದಾರಿ ಇದ್ದಷ್ಟೇ ಇತ್ತು. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಗುರುಗಳನ್ನು ಕಾಣಲು ನಾನು ಮುಂಬೈಗೆ ಹೋದಾಗ ಎಲೆಪೇಟೆಯಲ್ಲಿ ಕರಾಚಿಯ ಸೇಠನ ಸುದ್ದಿ ಸಿಕ್ಕಿತು. ಆತನೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದು ಯಾರದೋ ಮಳಿಗೆಯ ಹಿಂದೆ ಬಿಡಾರ ಮಾಡಿದ್ದ. ಹೋಗಿ ಕಂಡೆ. ನನ್ನ ಮಾತು ಕೇಳಿ ಕೈ ಹಿಡಿದುಕೊಂಡ. ಗೋದಾಮಿನ ಕೀಲಿಯನ್ನು ಇಮಾಮನ ಕೈಗೆ ಕೊಟ್ಟು ಬಂದೆ, ಎರಡು ಸಲ ಟಿಕೀಟಿಗೆ ಅಲೆದು ಅವನು ಬರಿಗೈಲಿ ಬಂದಿದ್ದ ಎಂದ. ತಾನು ಕರಾಚಿ ಬಿಡುವಾಗ ಆ ಹುಡುಗಿ ತುಂಬಿದ ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು, ಸವಣೂರಿಗೆ ಸುದ್ದಿ ಮುಟ್ಟಿಸಿರಿ ಎಂದಳು ಎಂದ. ಇನ್ನು ಆಕೆ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ ಎಂದೂ ಹೇಳಿದ. ಗೋದಾಮಿನ ವಿಳಾಸಕ್ಕೆ ನಾನು ಬರೆದಿದ್ದ ಕಾಗದಗಳಿಗೆ ಉತ್ತರ ಯಾಕೆ ಬರಲಿಲ್ಲ ಎಂದು ಆಗ ತಿಳಿಯಿತು. ತಿರುಗಿ ಬಂದು ಅವರಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಹುಸೇನವ್ವ ಎದ್ದು ಹೋಗಿ ತೊಟ್ಟಿಲ ಹಗ್ಗ ಬಿಚ್ಚಿ ಸುತ್ತಿಟ್ಟಳು. ಅಲ್ಲೇ ಯಾರಾದರೂ ಸೂಲಗಿತ್ತಿ ಸಿಕ್ಕಿರುತ್ತಾಳೆ, ಅಕ್ಕಪಕ್ಕದವರು ನೋಡಿಕೊಳ್ಳುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಚಳಿ ಇಳಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಖಾದರಸಾಬ ಯಲವಿಗಿ ಸ್ಟೇಷನ್ನಿನಿಂದ ಗಾಡಿ ಹೊಡೆದುಕೊಂಡು ಬಂದ. ಖಾಲಿ ಬುಟ್ಟಿಗಳು ಬಂದಿದ್ದವು. ಕರಾಚಿಯಿಂದ ಮುಂಬೈಗೆ, ಅಲ್ಲಿಂದ ಇಲ್ಲಿಗೆ, ಅದೆಷ್ಟು ಕೈ ದಾಟಿಯೋ. ಒಂದರ ಅಂಚಿಗೆ ಸೆರಗಿನ ಪಟ್ಟಿ ಇತ್ತು. ಆತ ಆ ಬುಟ್ಟಿಯನ್ನು ಹೆಂಡತಿಯ ಮುಂದಿಟ್ಟ. "ಎತ್ತಿಗೆ ನೀರು ಕುಡಿಸಿ ಬರ್ತೇನಿ" ಎಂದು ಹೊರಟುಹೋದ. ಬಾವಿ ಮನೆಯ ಹಿತ್ತಲಲ್ಲೇ ಇತ್ತು. ಆತ ಮಾತ್ರ ಕೆರೆಯ ಕಡೆ ಹೋದ.

ಹುಸೇನವ್ವ ರೂಢಿಯಂತೆ ಹೆಬ್ಬೆರಳನ್ನು ಗಂಟಿನ ಮೇಲಿಟ್ಟಳು. ಇಟ್ಟವಳು ತೆಗೆದಳು. ಮತ್ತೆ ಇಟ್ಟು ನೋಡಿದಳು. ಆಮೇಲೆ ನಿಧಾನವಾಗಿ ಬಿಚ್ಚಿದಳು, ಸಲೀಸಾಗಿ ಬಿಚ್ಚಲು ಬರಲಿಲ್ಲ, ಹಲ್ಲು ಹಚ್ಚಬೇಕಾಯಿತು. ಒಳಗೆ ಒಣಗಿದ ಹೊಕ್ಕಳಬಳ್ಳಿಯ ಚೂರು ಇತ್ತು.

ನನಗೆ ಜೀವ ಬಂದಂತಾಯಿತು. "ಹುಸೇನವ್ವ, ಕೂಸು ಹುಟ್ಟೇತಿ! ತಗೋ, ಅಜ್ಜಿ ಆದಿ!" ಎಂದುಬಿಟ್ಟೆ.

ಆಕೆ ನನ್ನನ್ನು ನೋಡಿದಳು. ಆ ಮುಖ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

"ಇದು ಅಕಿ ಗಂಟಲ್ರಿ ಮಾಸ್ತರ. ಇಮಾಮಂದು. ಬುಟ್ಟಿ ಬಿಗಿಯೂ ಗಂಟು. ನಮ್ಮಾಗ ಹೊಕ್ಕಳಬಳ್ಳೀಗೆ ಗಂಡಸರು ಕೈ ಹಚ್ಚೂದಿಲ್ಲ. ತಾಯಿ ಇದ್ರ ತಾಯೀನ ಕಟ್ಟಬೇಕು."

ನಾನು ಏನೋ ತೊದಲಿದೆ. ಜ್ವರ ಇರಬಹುದು, ಬಾಣಂತಿ ಏಳಲಾರದೆ ಗಂಡನ ಕೈಲಿ ಕಟ್ಟಿಸಿರಬಹುದು ಎಂದೆ. ಆಕೆ ತಲೆಯಲ್ಲಾಡಿಸಿದಳು. ಪಟ್ಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಅವರಿಗೆ ಹೇಳಬ್ಯಾಡ್ರಿ. ಗಂಡಸರು ಇಂಥಾದ್ದೆಲ್ಲ ನೋಡೂದಿಲ್ಲ. ಕೂಸು ಹುಟ್ಟೇತಿ, ಅಕಿ ಆರಾಮ ಅದಾಳ ಅಂತ ಅಷ್ಟ ಹೇಳ್ತೇನಿ. ತಡಕೊಳ್ಳೂದಿಲ್ಲ ಅವರು. ನನ್ನ ಮ್ಯಾಲೆ ಆಣಿ ಮಾಡ್ರಿ."

ಆಣೆ ಮಾಡಿದೆ. ಸಂಜೆ ಅವರಿಬ್ಬರೂ ಬರಿಗಾಲಲ್ಲಿ ತೋಟಕ್ಕೆ ಹೋಗಿ ಚೊಗಚೆ ಗಿಡದ ಬುಡದಲ್ಲಿ ಹೊಕ್ಕಳಬಳ್ಳಿಯನ್ನು ಹುಗಿದು ಬಂದರು. ನಾನೂ ಹಿಂದೆ ಹೋಗಿದ್ದೆ. ಖಾದರಸಾಬ ಮಣ್ಣು ಎಳೆಯುತ್ತ, "ಅಜ್ಜ ಆದೆ ನೋಡ್ರಿ ಮಾಸ್ತರ" ಎಂದು ನಕ್ಕ. ಅವನ ನಗುವಿಗೆ ಅಂದು ಮನೆ ನಗಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಕರಾಚಿಯನ್ನು ಸುಂಕದ ಲೆಕ್ಕದಲ್ಲಿ ಪರದೇಶವೆಂದು ಸಾರಿದರು. ನವಾಬರ ಸವಣೂರೂ ಮುಂಬೈ ಪ್ರಾಂತಕ್ಕೆ ಸೇರಿಹೋಯಿತು. ಗುರುಗಳು ಉತ್ಸಾಹದಿಂದ ಕಾಗದ ಬರೆದರು. ಒಳನಾಡಿನ ವ್ಯಾಪಾರವೊಂದು ನಿನ್ನ ಕಣ್ಣೆದುರೇ ಅಂತರರಾಷ್ಟ್ರೀಯ ವ್ಯಾಪಾರವಾಯಿತು, ಇಂಥ ಅದೃಷ್ಟ ಎಷ್ಟು ಸಂಶೋಧಕರಿಗೆ ಸಿಗುತ್ತದೆ, ಒಂದು ಹೊಸ ಅಧ್ಯಾಯ ಸೇರಿಸು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಧ್ಯಾಯ ಸೇರಿಸಿದೆ. ಅದೇ ನನಗೆ ಹೆಸರು ತಂದಿತು, ಡಾಕ್ಟರೇಟ್ ಕೊಟ್ಟಿತು, ಮುಂದೆ ಪ್ರೊಫೆಸರನನ್ನಾಗಿಯೂ ಮಾಡಿತು. ಎಲೆಯ ದರ ಎಷ್ಟು ಬಿತ್ತು, ತೋಟದವರು ಹುಬ್ಬಳ್ಳಿ, ಪುಣೆಯ ಪೇಟೆಗೆ ಹೇಗೆ ಹೊರಳಿದರು, ಎಲ್ಲವೂ ಅದರಲ್ಲಿದೆ. ಮನಿಪೆಂಡಿ ಇಲ್ಲ. ಬರೆದಿದ್ದರೂ ಪರೀಕ್ಷಕರು ಅದನ್ನು ಯಾವ ಶೀರ್ಷಿಕೆಯ ಕೆಳಗೆ ಓದಬೇಕಿತ್ತು?

ನಾನು ಧಾರವಾಡಕ್ಕೆ ಮರಳಿದ ಮೇಲೂ ವರ್ಷಕ್ಕೊಮ್ಮೆ ಸವಣೂರಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಖಾದರಸಾಬ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು, ಗಟ್ಟಿ ದನಿಯಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದ.

"ಮಾಸ್ತರ, ನೀವು ಇದನ್ನ ಓದಿದಾವ್ರು. ಹಡಗು ಮೊದಲಿನಂಗ ಯಾವಾಗ ಶುರು ಆಗ್ತಾವ್ರಿ? ನಮ್ಮ ಜೈನಬಿ ಬರಬೇಕಲ್ರಿ?"

"ಇನ್ನೂ ತಡ ಐತ್ರಿ ಕಾಕಾ."

"ಆಗ್ಲಿ, ಆಗ್ಲಿ. ಅಕಿ ಆರಾಮ ಅದಾಳಲ್ಲ, ಸಾಕು."

ಬಾಗಿಲ ಒಳಗೆ ಎಲೆ ಆರಿಸುತ್ತ ಕೂತ ಹುಸೇನವ್ವ ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಕೊಟ್ಟ ಮಾತನ್ನು ನಾನು ಮುರಿಯಲಿಲ್ಲ. ಆದರೆ ಆ ಕಟ್ಟೆಯ ಮೇಲೆ ಕೂತು ಆ ಮುಗ್ಧ ಮನುಷ್ಯನ ಮುಖ ನೋಡುವುದು ನನಗೆ ಕಠಿಣವಾಗುತ್ತಿತ್ತು. ಒಂದೆರಡು ವರ್ಷ ಹೋಗದೆಯೇ ತಪ್ಪಿಸಿಕೊಂಡೆ.

ಹುಸೇನವ್ವ ತೀರಿದ ಸುದ್ದಿ ಬಂದಾಗ ತಡವಾಗಿತ್ತು. ನಾನು ಹೋಗುವ ಹೊತ್ತಿಗೆ ಮಣ್ಣಾಗಿ ಎಷ್ಟೋ ದಿನವಾಗಿತ್ತು. ಖಾದರಸಾಬ ಕಟ್ಟೆಯ ಮೇಲೆ ಒಬ್ಬನೇ ಪೆಂಡಿ ಕಟ್ಟುತ್ತಿದ್ದ. ನನಗೆ ಚಾಪೆ ಹಾಸಿದ, ನೀರು ಕೊಟ್ಟ. ನಾನು ಆ ಪ್ರಶ್ನೆಗೆ ಕಾದು ಕೂತೆ. ಆತ ಮತ್ತೆ ಪೆಂಡಿ ಕೈಗೆತ್ತಿಕೊಂಡು, ಸಣ್ಣ ದನಿಯಲ್ಲಿ ಕೇಳಿದ.

"ಕೂಸು ಈಗ ಸಾಲಿಗೆ ಹೊಂಟಿರಬೇಕಲ್ರಿ ಮಾಸ್ತರ? ಗಂಡೋ ಹೆಣ್ಣೋ, ಅದೂ ತಿಳೀಲಿಲ್ಲ ನೋಡ್ರಿ ನಮಗ."

ಹಡಗಿನ ಮಾತಿಲ್ಲ. ಮಗಳ ಹೆಸರಿಲ್ಲ. ನಾನು ಆತನ ಮುಖ ನೋಡಿದೆ. ಬೆರಳುಗಳು ಬಾಳೆಯ ನಾರನ್ನು ಮಡಚಿ ಒಳಗಿಂದ ಎಳೆಯುತ್ತಿದ್ದವು.

"ಕಾಕಾ, ಆವತ್ತು ಬಂದ ಪಟ್ಟಿ..." ಎಂದೆ.

"ಇಮಾಮಗ ಆ ಗಂಟು ಕಲಿಸಿದಾಂವ ನಾನಽ ಅಲ್ಲೇನ್ರಿ? ಯಲವಿಗಿ ಸ್ಟೇಷನ್ನಿನಾಗ ಬುಟ್ಟಿ ಇಳಸೂ ಮುಂದನ ನೋಡಿದೆ. ಗಾಡ್ಯಾಗ ಕುಂತು ದಾರಿ ತುಂಬ ಅತ್ತೆ. ಮನಿ ಬರೂದ್ರಾಗ ಮುಖ ತೊಳಕೊಂಡೆ."

"ಮತ್ತ ಇಷ್ಟು ವರ್ಷ ನನ್ನ ಯಾಕ ಕೇಳತಿದ್ರಿ? ಹಡಗು ಯಾವಾಗ, ಜೈನಬಿ ಯಾವಾಗ ಅಂತ?"

ಆತ ಕಟ್ಟಿದ ಪೆಂಡಿಯನ್ನು ಪಕ್ಕಕ್ಕಿಟ್ಟ. ಖಾಲಿ ಬಾಗಿಲಿನ ಕಡೆ ಒಮ್ಮೆ ನೋಡಿದ.

"ಅಕಿ ಒಳಗ ಕುಂತು ಕೇಳಸ್ಕೋತಿದ್ಲಲ್ರಿ ಮಾಸ್ತರ" ಎಂದ.